ಬೀರಸಿದ್ದನ ಹಾಂಗ

ಕುಲಗೋಡದಲ್ಲಿ ಆಗ ಒಂದು ಮಾತು ನಡೆಯುತ್ತಿತ್ತು, ಬೇರೆ ಊರಿನವರು ಕೇಳಿದರೆ ನಕ್ಕುಬಿಡುತ್ತಿದ್ದರು. ಕುರುಬರ ಬೀರಸಿದ್ದಪ್ಪ ಕುರಿಗಳನ್ನು ಹೇಗೆ ಕೂಗಿ ಕರೆಯುತ್ತಾನೆ ಎಂದು ಯಾರಾದರೂ ಕೇಳಿದರೆ, "ಹ್ಯಾಂಗ ಅಂದ್ರ? ಬೀರಸಿದ್ದನ ಹಾಂಗ" ಎಂದು ಹೇಳಿ ಮುಗಿಸುತ್ತಿದ್ದರು. ಇದೂ ಒಂದು ಉತ್ತರವೇ? ಬೆಲ್ಲ ಹೇಗಿದೆ ಎಂದರೆ ಬೆಲ್ಲದ ಹಾಗಿದೆ ಎಂದಂತಾಯಿತು. ಆದರೆ ಪಾಪ, ಅವರದಾದರೂ ಏನು ತಪ್ಪು? ಬೇರೆ ಹೇಗೆ ಹೇಳುವುದು? ಜೋರಾಗಿ ಎನ್ನೋಣವೆಂದರೆ ಅವನಿಗಿಂತ ಜೋರಾಗಿ ಕೂಗುವವರು ಓಣಿಗೊಬ್ಬರಿದ್ದರು. ಇಂಪಾಗಿ ಎನ್ನೋಣವೆಂದರೆ ಅಲ್ಲಿ ಇಂಪು ಗಿಂಪು ಏನೂ ಇಲ್ಲ, ಒಡಕು ಗಂಟಲು. ಉದ್ದವಾಗಿ, ಮೆಲ್ಲಗೆ, ಜಗ್ಗಿ, ಎಳೆದು, ಯಾವ ಮಾತು ತಂದು ಹಚ್ಚಿದರೂ ಅದು ನಿಲ್ಲದೆ ಜಾರಿ ಬೀಳುತ್ತಿತ್ತು. ಕೊನೆಗೆ ಊರಿಗೆ ಊರೇ ಸೋತು, ಅವನ ಹೆಸರನ್ನೇ ಅದಕ್ಕೆ ಇಟ್ಟುಬಿಟ್ಟಿತು.

ಹೊತ್ತು ಮುಳುಗುವಾಗ ಹಳ್ಳದ ಆಚೆ ದಂಡೆಯ ಹುಣಸಿ ಗಿಡದ ಕೆಳಗೆ ನಿಂತು ಅವನು ಕೂಗುತ್ತಿದ್ದ. "ಹೋ..." ಎಂದು ಶುರುವಾದದ್ದು ಏರಿ, ಏರಿ, ನಡುವೆ ತಟ್ಟನೆ ನಿಲ್ಲುವುದು. ಒಂದು ಗಳಿಗೆ ಏನೂ ಇಲ್ಲ. ಮೇಯುತ್ತಿದ್ದ ಕುರಿಗಳೂ ಬಾಯಾಡಿಸುವುದನ್ನು ಬಿಟ್ಟು ಕಿವಿ ನೆಟ್ಟಗೆ ಮಾಡಿ ನಿಂತಿರುವುವು. ಆಮೇಲೆ ಉಳಿದರ್ಧ, "...ಬಾ ಬಾ ಬಾ ಬಾ" ಎಂದು ಮೆಟ್ಟಿಲಿಳಿದಂತೆ ಇಳಿದು ಬರುವುದು. ಅದನ್ನು ಕೇಳಿದ ಮೇಲೆಯೇ ಹಿಂಡು ಮನೆಯ ಕಡೆ ತಿರುಗುತ್ತಿತ್ತು. ನಡುವೆ ಯಾಕೆ ನಿಲ್ಲಿಸುತ್ತಾನೆ ಎಂದರೆ ಉಸಿರು ತೆಗೆದುಕೊಳ್ಳಲಿಕ್ಕೆ ಎಂದು ಕೆಲವರು, ಗತ್ತು ಮಾಡಲಿಕ್ಕೆ ಎಂದು ಕೆಲವರು. ಕಲಿಯಹೋದ ಹುಡುಗರೆಲ್ಲ ನಡುವೆ ನಿಲ್ಲಿಸಿಯೂ ನೋಡಿದರು. ಕುರಿಗಳು ಅವರ ಕಡೆ ಬಾಲವನ್ನೂ ತಿರುಗಿಸಲಿಲ್ಲ.

ಆ ನಡುವಿನ ಗಳಿಗೆಯಲ್ಲಿ ಈಚೆ ದಂಡೆಯ ಮನೆಯೊಳಗಿಂದ ಅವನ ತಾಯಿ ಶೆಟ್ಟೆವ್ವ, ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, "ಓ..." ಎನ್ನುತ್ತಿದ್ದಳು. ಅವಳ ಓ ಎಂದರೆ ಸಣ್ಣದಲ್ಲ, ಹಳ್ಳ ದಾಟಿ ಹೋಗುವಂಥದು. ಬಾಜೂ ಮನೆಯ ಸಾವಂತ್ರೆವ್ವ ಇಂಥದನ್ನು ಬಿಟ್ಟಾಳೆಯೆ? "ಅಂವ ಕುರಿ ಕರದ್ರ ನೀ ಯಾಕ ಓ ಅಂತಿ ಶೆಟ್ಟೆಕ್ಕಾ? ನೀನೂ ಹಿಂಡಿನಾಗ ಒಂದು ಅದಿ ಏನ?" ಎಂದು ಕಾಡುತ್ತಿದ್ದಳು. "ಹಡದಾಕಿ ಅದೀನವಾ, ಬಾಯಿ ಸುಮ್ಕ ಇರಂಗಿಲ್ಲ" ಎಂದು ಶೆಟ್ಟೆವ್ವ ನಗುತ್ತಿದ್ದಳು.

ಸೊಸೆ ಮಾಯವ್ವ ಈ ಮನೆಗೆ ಬಂದ ಹೊಸತರಲ್ಲಿ ಗಂಡನ ಮುಖವನ್ನು ನೆಟ್ಟಗೆ ನೋಡಿದವಳಲ್ಲ, ಅಷ್ಟು ನಾಚಿಕೆ. ಅವನನ್ನು ಅವಳು ಮೊದಲು ಗುರುತು ಹಿಡಿದದ್ದೇ ಆ ಕೂಗಿನಿಂದ. ಸಂಜೆಗೆ ಒಲೆಯ ಮುಂದೆ ಕೂತು ಅದನ್ನು ಕೇಳಿದರೆ ಎದೆಯೊಳಗೆ ಏನೋ ಮಗ್ಗುಲು ಬದಲಿಸಿದಂತಾಗುತ್ತಿತ್ತು. ಯಾರಿಗೆ ಹೇಳುವುದು ಇಂಥದನ್ನು? ಹೇಳಲಿಲ್ಲ. ಮಡಿಲು ತುಂಬದೆ ಒಂದೆರಡು ವರ್ಷ ಕಳೆದರೂ ಆ ಮನೆಯಲ್ಲಿ ಯಾರೂ ಅವಳಿಗೆ ಒಂದು ಕೊಂಕು ಮಾತನಾಡಲಿಲ್ಲ.

ಬೆಳಗಾವಿ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ. ವರ್ಷದ ರೂಢಿಯಂತೆ ಬೀರಸಿದ್ದ ಹಿಂಡನ್ನು ಹೊಡೆದುಕೊಂಡು ಹುಕ್ಕೇರಿಯ ಕಡೆ ಹೊರಟ. ಆ ಕಡೆಯ ರೈತರು ಬೆಳೆ ತೆಗೆದ ಹೊಲಗಳಲ್ಲಿ ರಾತ್ರಿ ಕುರಿ ತರುಬಿಸಿ ಕೂಡಿಹಾಕುತ್ತಾರೆ, ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಯವರಿಗೆ ಜೋಳ ಸಿಗುತ್ತದೆ. ಜೊತೆಗೆ ಮಾಯವ್ವ, ಮತ್ತೆ ಸಾವಂತ್ರೆವ್ವನ ಗಂಡ ಉದ್ದಪ್ಪ. ಶೆಟ್ಟೆವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದು ದಾರಿಯೂ ಕಾಣದಂತಾಗಿತ್ತು. ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಕಿರಿಯ ಮಗ ಶಿದ್ರಾಮ ರಜೆ ತೆಗೆದು ಅವಳನ್ನು ಮಿರಜಿಯ ದವಾಖಾನೆಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಹೊರಡುವಾಗ ಶೆಟ್ಟೆವ್ವ ಹಿರಿಯ ಮಗನ ಮುಖವನ್ನು ಎರಡೂ ಕೈಯಲ್ಲಿ ಸವರಿ, "ಕಣ್ಣು ಬಂದ ದಿವಸ ನೀ ನನ್ನ ಮುಂದ ಇರಬೇಕ ನೋಡಪಾ. ಮೊದಲ ನಿನ್ನ ಮಾರಿ ನೋಡಾಕಿ ನಾ" ಎಂದಳು. "ಮತ್ತ ಶಿದ್ರಾಮನ ಮಾರಿ?" ಎಂದು ಅವನು ನಕ್ಕ. "ಅಂವ ಸಾಹೇಬ ಆಗ್ಯಾನ, ಅವಂದ ಆಮ್ಯಾಲ ನೋಡಿದ್ರೂ ನಡೀತೈತಿ."

ಯಮಕನಮರಡಿಯ ಹತ್ತಿರದ ಒಂದು ಹೊಲದಲ್ಲಿ ಬೀರಸಿದ್ದನಿಗೆ ಜ್ವರ ಬಂತು. ಮೊದಲ ಮಳೆ ಬಿದ್ದಿತ್ತು, ನೆಲ ಹಸಿಯಾಗಿತ್ತು. ಏನೋ ತಣಸು, ಹೋಗುತ್ತದೆ ಎಂದು ಅವನು ಕಂಬಳಿ ಹೊದ್ದು ಮಲಗಿದ. ಹೋಗಲಿಲ್ಲ. ಹೊಲದ ಮನೆಯ ಅಲ್ಲವ್ವ ಕಷಾಯ ಮಾಡಿ ತಂದಳು, ಉದ್ದಪ್ಪ ಊರೊಳಗಿಂದ ಗುಳಿಗೆ ತಂದ. ಜ್ವರ ಯಾರ ಮಾತನ್ನೂ ಕೇಳಲಿಲ್ಲ. ಒಂದು ಸಂಜೆ ಕುರಿ ತರುಬಿದ ಹೊಲದ ಬದುವಿನ ಮೇಲೆ, ಮಾಯವ್ವನ ತೊಡೆಯ ಮೇಲೆ ತಲೆಯಿಟ್ಟು ಅವನು ಹೋದ. ಅಲ್ಲಿಯೇ ಬನ್ನಿ ಗಿಡದ ಬುಡದಲ್ಲಿ ಮಣ್ಣು ಮಾಡಿದರು.

ಹೆದ್ದಾರಿಯ ಲಾರಿಯವನೊಬ್ಬನ ಕೈಯಲ್ಲಿ ಹೇಳಿ ಕಳಿಸಿದ್ದರಿಂದ ಶಿದ್ರಾಮ ಮಣ್ಣಿಗೆ ಬಂದು ಮುಟ್ಟಿದ. ಮಿರಜಿಯಲ್ಲಿ ತಾಯಿಯ ಕಣ್ಣಿನ ಪೊರೆ ತೆಗೆಸಿ, ಅವಳನ್ನು ಆಗಷ್ಟೇ ಊರಿಗೆ ತಂದು ಬಿಟ್ಟಿದ್ದ. ಮಾಯವ್ವನ ಹಸಿರು ಬಳೆಗಳು ಇನ್ನೂ ಕೈಯಲ್ಲೇ ಇದ್ದವು. "ಪರಸ್ಥಳದಾಗ ಬ್ಯಾಡ ತಂಗಿ, ನಿನ್ನ ಮನ್ಯಾಗ ನಿಮ್ಮ ಹೆಣಮಕ್ಕಳ ಕೈಲೆ ಆಗಲಿ" ಎಂದು ಅಲ್ಲವ್ವ ಯಾರಿಗೂ ಅವನ್ನು ಒಡೆಯಗೊಟ್ಟಿರಲಿಲ್ಲ. ಮಾಯವ್ವನಿಗೆ ಅಳುವೂ ಪೂರ್ತಿ ಬಂದಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ. ಸತ್ತವನ ಗುಣವನ್ನೆಲ್ಲ ಒಂದೊಂದಾಗಿ ಹಾಡಿಕೊಂಡು, ಕೂಡಿದವರ ಕೊರಳು ಹಿಡಿದುಕೊಂಡು ಅಳುತ್ತಾರೆ, ಆಗಲೇ ಎದೆ ಹಗುರಾಗುವುದು. ಪರಊರಿನಲ್ಲಿ ಯಾರ ಕೊರಳು ಹಿಡಿಯಬೇಕು ಅವಳು? ಮನೆಗೆ ಹೋಗಿ, ಅತ್ತೆಯ ಕೊರಳು ಹಿಡಿದು ಅತ್ತೇನು ಎಂದು ಎಲ್ಲವನ್ನೂ ಒಳಗೆ ಕಟ್ಟಿ ಇಟ್ಟುಕೊಂಡಿದ್ದಳು.

ಶಿದ್ರಾಮ ಅತ್ತಿಗೆಯ ಮುಂದೆ ಕೂತು ನೆಲ ನೋಡುತ್ತ ಹೇಳಿದ: "ವೈನಿ, ಡಾಕ್ಟರ ಒಂದ ಮಾತ ಹೇಳ್ಯಾರ. ಗಾಯ ಸರಿಯಾಗಿ ಮಾದಿಲ್ಲಂತ, ದೀಪಾವಳಿ ತನಕಾ ಅವ್ವ ಕಣ್ಣಿನ ಹಸರ ಪಟ್ಟಿ ಬಿಚ್ಚಬಾರದು, ಕಣ್ಣಾಗ ಒಂದ ಹನಿ ನೀರ ಬರಬಾರದು. ಅತ್ತಳಂದ್ರ ಕಣ್ಣು ಹ್ವಾದೂ ಅಂತ ತಿಳೀರಿ ಅಂದಾರ. ಆಕಿ ಏನಂತಾಳ ಗೊತ್ತೈತೇನು? ಪಟ್ಟಿ ಬಿಚ್ಚಿದ ಕೂಡ್ಲೆ ಬೀರಾನ ಮಾರಿ ನೋಡ್ತೀನಿ ಅಂತಾಳ. ದಿನಾ ಅದನ್ನ ಅಂತಾಳ."

ಮಗ ಹೋದ, ಕಣ್ಣಾದರೂ ಉಳಿಯಲಿ ಎಂದು ಮಾಯವ್ವ ತಲೆಯಾಡಿಸಿದಳು.

ಸುಳ್ಳು ಕಟ್ಟಿದವನು ಶಿದ್ರಾಮನೇ. ಕುರುಬರಲ್ಲಿ ಒಂದು ಕಟ್ಟು ಇತ್ತು. ಹಿಂಡಿಗೆ ಬ್ಯಾನಿ, ಅಂದರೆ ರೋಗ, ಬಿದ್ದರೆ ಕುರಿ ಕಾಯುವವನು ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಹಿಂಡಿನ ಜೊತೆ ಹಳ್ಳದಾಚೆಯೇ ಇರಬೇಕು. ಹೆಂಡತಿ ರೊಟ್ಟಿ ಒಯ್ದು ಹುಣಸಿ ಗಿಡದ ಕೆಳಗಿಟ್ಟು, ಮಾತಾಡಿಸದೆ ಹೊಳ್ಳಿ ಬರಬೇಕು. "ಕುರಿಗಿ ಬ್ಯಾನಿ ಬಂದೈತಿ, ಅಣ್ಣ ಹಳ್ಳದ ಆಚೆ ಉಳದಾನ ಅಂತ ಹೇಳೂಣು. ಅವ್ವ ಈ ಮಾತಿಗಿ ಎದರಾಡಂಗಿಲ್ಲ" ಎಂದ. ಖರೆ, ಆಡಲಿಲ್ಲ. "ಮೂಕ ಜೀವ, ಮೊದಲ ಅವನ್ನ ನೋಡ್ಕೊಳ್ಳಲಿ" ಎಂದಳು, ಅಷ್ಟೇ.

ಇಡೀ ಓಣಿ ಕೂಡಿ ಆ ಸುಳ್ಳನ್ನು ಸಾಕಿತು. ಶೆಟ್ಟೆವ್ವನ ಮುಂದೆ ಯಾರೂ ಬಾಯಿ ಬಿಡಲಿಲ್ಲ. ಸಾವಂತ್ರೆವ್ವನಂಥ ಬಾಯಿಬಡಕಿಯೂ ಅಂಗಳದಲ್ಲಿ ಕೂತು, "ನಿನ್ನ ಮಗಾ ಹಳ್ಳದಾಗ ಈಸಾಡಾಕತ್ತಾನ ಬಿಡು" ಎಂದು ನಗೆ ಮಾತು ಹೇಳಿ, ತನ್ನ ಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಆದರೆ ಓಣಿಯ ಕಣ್ಣು ಮಾಯವ್ವನ ಕೈ ಮೇಲೆ ಇತ್ತು. ಗಂಡ ಸತ್ತವಳು ಹಸಿರು ಬಳೆ ಇಟ್ಟುಕೊಂಡು ನೀರಿಗೆ ಬರುತ್ತಾಳೆ ಎಂದರೆ ನೋಡದೆ ಇರುವುದು ಹೇಗೆ? ಹಳ್ಳಕ್ಕೆ ಹೋದರೆ ಅವಳು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಳ್ಳುತ್ತಿದ್ದಳು. ಮನೆಗೆ ಬಂದರೆ ಬೇಕೆಂದೇ ಸಪ್ಪಳ ಮಾಡುತ್ತಿದ್ದಳು, ಅತ್ತೆಗೆ ಕೇಳಲಿ ಎಂದು. ಆ ಸಪ್ಪಳ ತನ್ನ ಕಿವಿಗೇ ಬಿದ್ದಾಗ ಅವಳಿಗೆ ಕೈ ಕತ್ತರಿಸಿ ಒಗೆಯಬೇಕು ಅನ್ನಿಸುತ್ತಿತ್ತು. ಸಂಜೆಗೆ ಬುಟ್ಟಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹುಣಸಿ ಗಿಡಕ್ಕೆ ಹೋಗಿ, ಸತ್ತವನಿಗೆಂದು ಒಯ್ದ ರೊಟ್ಟಿಯನ್ನು ಅಲ್ಲಿ ಹಿಂಡು ಕಾಯುತ್ತಿದ್ದ ಉದ್ದಪ್ಪನಿಗೆ ಕೊಟ್ಟು, ಅಲ್ಲೇ ಒಂದಿಷ್ಟು ಅತ್ತು ಬರುತ್ತಿದ್ದಳು. ಒಂದು ದಿನ ಶೆಟ್ಟೆವ್ವ, "ದನಿ ಯಾಕ ಕಟ್ಟೈತಿ ಮಗಳ?" ಎಂದು ಕೇಳಿದಳು. "ತಂಪು ಗಾಳಿರಿ ಅತ್ತಿ" ಎಂದು ಹೇಳಿ, ಅವತ್ತಿನಿಂದ ಆ ಒಂದಿಷ್ಟು ಅಳುವನ್ನೂ ಬಿಟ್ಟಳು.

ಇನ್ನು ಉಳಿದದ್ದು ಕೂಗು. ಮಗ ಹಳ್ಳದಾಚೆಯೇ ಇದ್ದರೆ ಸಂಜೆಗೆ ಕೂಗು ಕೇಳಬೇಕಲ್ಲ? ಉದ್ದಪ್ಪ ಬಾಯಿ ತೆಗೆದರೆ ಕುರಿಗಳೇ ದಿಕ್ಕಾಪಾಲಾಗುತ್ತಿದ್ದವು, ಅವನನ್ನು ನಂಬುವಂತಿರಲಿಲ್ಲ. ಮೊದಮೊದಲು ಗಾಳಿ ಆ ಕಡೆ ಬೀಸುತ್ತದೆ, ಮಳೆಯ ಸಪ್ಪಳ ಇದೆ ಎಂದು ಹೇಳಿ ದಿನ ನೂಕಿದರು. ಕೊನೆಗೆ ಶಿದ್ರಾಮ, "ನಾ ಕೂಗತೀನಿ" ಎಂದ. ಸಣ್ಣವನಿದ್ದಾಗಿನಿಂದ ಅಣ್ಣನ ಕೂಗನ್ನು ಕಲಿಯಲು ಹೋಗಿ ಊರೆಲ್ಲ ನಗಿಸಿಕೊಂಡವನು ಅವನು. ಕುರಿ ಬಿಟ್ಟು ಮಿಲ್ಲಿಗೆ ಸೇರಿದ್ದಕ್ಕೆ ಅದೂ ಒಂದು ಕಾರಣ ಎನ್ನುತ್ತಿದ್ದರು. ಈಗ ಅವನು ಪಾಳಿ ಮುಗಿದ ಮೇಲೆ ಗೋಕಾಕದ ಧಬಧಬೆಯ ದಂಡೆಗೆ ಹೋಗಿ, ನೀರಿನ ಆರ್ಭಟದಲ್ಲಿ ಯಾರಿಗೂ ಕೇಳದಂತೆ ನಿಂತು, ಸತ್ತ ಅಣ್ಣನ ದನಿಯನ್ನು ತನ್ನ ಗಂಟಲಿಗೆ ಕೂಡಿಸಲು ನೋಡುತ್ತಿದ್ದ. ಉಳಿದ ದಿನಗಳಿಗೆ ಗಾಳಿ ಮಳೆಯ ನೆಪ ಸಾಕೆಂದುಕೊಂಡು, ವಾರದ ರಜೆಗೆ ಬಸ್ಸು ಹಿಡಿದು ಬಂದು, ಮನೆಗೆ ಬರದೆ ನೇರ ಹಳ್ಳದಾಚೆ ಹೋದ.

ಆ ಸಂಜೆ ಮಾಯವ್ವ ಅತ್ತೆಯ ಮುಂದೆಯೇ ಕೂತಿದ್ದಳು. ಕಣ್ಣಿನ ಮೇಲೆ ಹಸಿರು ಪಟ್ಟಿ ಕಟ್ಟಿಕೊಂಡು ಶೆಟ್ಟೆವ್ವ ಗೋಡೆಗೆ ಒರಗಿದ್ದಳು. ಆಚೆಯಿಂದ "ಹೋ..." ಎಂದು ದನಿ ಎದ್ದಿತು. ಕೂಗು ಏರಿತು, ನಡುವೆ ನಿಂತಿತು. ಮಾಯವ್ವ ಅತ್ತೆಯ ತುಟಿಯನ್ನೇ ನೋಡಿದಳು. ತುಟಿ ಬಿಚ್ಚಲಿಲ್ಲ. ಹಳ್ಳದಾಚೆಯಿಂದ ಉಳಿದರ್ಧ ಇಳಿದು ಬಂದು ಮುಗಿದೂ ಹೋಯಿತು. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಶೆಟ್ಟೆವ್ವ ಸಣ್ಣಗೆ "ಓ" ಎಂದಳು. ನಂಬಿದಳು ದೇವರೇ, ನಂಬಿದಳು ಎಂದುಕೊಂಡಳು ಸೊಸೆ.

"ನಾಳೆ ರೊಟ್ಟಿಗಿ ಗುರೆಳ್ಳ ಹಿಂಡಿ ಹಚ್ಚಿ ಒಯ್ಯಿ ಮಗಳ. ಅವಗ ಅದು ಭಾಳ ಸೇರತೈತಿ" ಎಂದಳು ಶೆಟ್ಟೆವ್ವ.

ಅವತ್ತಿನಿಂದ ಅತ್ತೆಗೆ ಒಂದು ಹೊಸ ರೂಢಿ ಬಿತ್ತು. ಮಲಗುವ ಮುಂಚೆ ಸೊಸೆಯನ್ನು ಹತ್ತಿರ ಕರೆದು ಅವಳ ಮುಂಗೈ ಸವರುವಳು. "ಬಳಿ ಅದಾವಿಲ್ಲ?" "ಅದಾವ್ರಿ ಅತ್ತಿ." "ಇರಲಿ. ಚಂದ ಒಪ್ಪತಾವ ನಿನಗ." ಮಾಯವ್ವ ಹಾಸಿಗೆಯೊಳಗೆ ಹೊಕ್ಕು, ಕಂಬಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗುತ್ತಿದ್ದಳು.

ನಾಗರಪಂಚಮಿಗೆ ಬಳೆಗಾರ್ತಿ ಚನ್ನವ್ವ ಮಲಾರ ಹೊತ್ತುಕೊಂಡು ಓಣಿಗೆ ಬಂದಳು. ಈ ಮನೆಯ ಮುಂದೆ ಬಂದಾಗ ಅವಳು ದನಿ ತಗ್ಗಿಸಿ ಹಾಗೇ ದಾಟಿ ಹೋಗಲು ನೋಡಿದಳು. ಒಳಗಿಂದ ಶೆಟ್ಟೆವ್ವ ಹಿಡಿದು ನಿಲ್ಲಿಸಿದಳು. "ಯಾಕ ಚನ್ನವ್ವಾ, ನಮ್ಮ ಮನಿ ಮರತಿ ಏನ? ಪಂಚಮಿಗಿ ನನ್ನ ಸೊಸಿ ಹಳೀ ಬಳಿ ಇಟ್ಕೊಂಡ ಕೂಡ್ರಬೇಕೇನ?"

"ಬ್ಯಾಡ್ರಿ ಅತ್ತಿ, ಇದ್ದದ್ದು ಚಲೋ ಅದಾವ" ಎಂದು ಮಾಯವ್ವ ಹಿಂದೆ ಸರಿದಳು.

"ಸುಮ್ಕ ಕೂಡ್ರ. ನಿನ್ನ ಗಂಡ ಬ್ಯಾನಿ ಕುರಿ ಹಿಡಕೊಂಡು ಹಳ್ಳದಾಗ ಕುಂತರ ನೀ ಬೋಳಗೈ ಇರಬೇಕಂತ ಐತೇನ? ಕೈ ಚಾಚು."

ಓಣಿಯ ಹೆಂಗಸರು ತಂತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾಯವ್ವ ಕೈ ಚಾಚಿದಳು. ಚನ್ನವ್ವ ಎಷ್ಟು ಬಸುರಿಯರಿಗೆ, ಎಷ್ಟು ಮದುಮಕ್ಕಳಿಗೆ ಬಳೆ ಇಡಿಸಿದವಳು, ಅವಳ ಕೈಯಲ್ಲೇ ಒಂದು ಬಳೆ ಚಟ್ಟನೆ ಒಡೆಯಿತು. "ಬಳಿ ಹೆಚ್ಚಾತು" ಎಂದು ಶೆಟ್ಟೆವ್ವ ಬಡಬಡ ಹೇಳಿದಳು. ಒಡೆಯಿತು ಎಂದು ಅನ್ನಬಾರದು, ಮುತ್ತೈದೆಯ ಬಳೆ ಹೆಚ್ಚಾಗುತ್ತದೆ. "ಇನ್ನೊಂದು ಇಡಸು." ಹೊಸ ಹಸಿರು ಬಳೆ ಮೊಣಕೈಯ ಹತ್ತಿರದವರೆಗೂ ತುಂಬಿದವು. ಮಾಯವ್ವನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿಂದ ಮಾತ್ರ ಒಂದು ಸಣ್ಣ ದನಿಯೂ ಹೊರಬೀಳಲಿಲ್ಲ. ಕಣ್ಣಿಲ್ಲದ ಮುದುಕಿ, ಗೊತ್ತಿಲ್ಲದೆ ಮಾಡುತ್ತಾಳೆ, ಶಿವನೇ ಅವಳನ್ನು ಕ್ಷಮಿಸು ಎಂದುಕೊಂಡಳು. ಅಂದುಕೊಂಡರೂ ಆ ಹೊತ್ತು ಅವಳಿಗೆ ಅತ್ತೆಯ ಮೇಲೆ ಸಿಟ್ಟೇ ಬಂತು, ಅದನ್ನು ಮುಚ್ಚಿಟ್ಟು ಏನು ಉಪಯೋಗ.

ಹೀಗೆ ಮಹಾನವಮಿ ಬಂತು. ವಾರ ವಾರ ಬಂದು ಕೂಗಿ ಕೂಗಿ ಶಿದ್ರಾಮನ ದನಿ ಹದಕ್ಕೆ ಬಂದಿತ್ತು. ಅವನ ಗಂಟಲೂ ಒಡೆದು ಅಣ್ಣನ ಗಂಟಲಿನಂತೆಯೇ ಆಗಿತ್ತು. ಹಬ್ಬದ ರಜೆಗೆ ಬಂದ ಆ ಸಂಜೆ ಅವನು ದೂರ ನಿಲ್ಲಲಿಲ್ಲ, ಹುಣಸಿ ಗಿಡದ ಬುಡಕ್ಕೇ ಬಂದು ನಿಂತ. ಯಾಕೆ ಹಾಗೆ ಮಾಡಿದನೋ, ತಾಯಿಗೆ ಇನ್ನಷ್ಟು ಹತ್ತಿರದಿಂದ ಕೇಳಲಿ ಅಂದುಕೊಂಡನೋ ಏನೋ. ಮಾಯವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

ಕೂಗು ಎದ್ದಿತು.

ಮಾಯವ್ವನಿಗೆ ಶಿದ್ರಾಮ ನೆನಪಾಗಲಿಲ್ಲ. ಬನ್ನಿ ಗಿಡ ನೆನಪಾಗಲಿಲ್ಲ. ತನ್ನ ಕೈಯಾರೆ ಮಣ್ಣು ಎಳೆದು ಹಾಕಿದ್ದು ನೆನಪಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದಳು, ಎದ್ದದ್ದೂ ಅವಳಿಗೆ ಗೊತ್ತಿಲ್ಲ. ತವೆಯ ಮೇಲಿನ ರೊಟ್ಟಿ ಹಾಗೇ ಬಿಟ್ಟು, ಅತ್ತೆಯನ್ನು ದಾಟಿ, ಹೊಸ್ತಿಲು ದಾಟಿ ಓಡಿದಳು. ಬಂದರು, ಅವರು ಬಂದರು! ಅಂಗಳದ ತುದಿಗೆ ಬಂದಾಗ ಹಳ್ಳದಾಚೆಯ ಹಿಂಡು ಕಂಡಿತು. ಬೀರಸಿದ್ದನದಲ್ಲದೆ ಬೇರೆ ಯಾರ ಕೂಗಿಗೂ ತಿರುಗದ ಕುರಿಗಳು ಇವತ್ತು ಕಿವಿ ನೆಟ್ಟಗೆ ಮಾಡಿ, ಹುಣಸಿ ಗಿಡದ ಕಡೆ ಹೆಜ್ಜೆ ಹಾಕಿದ್ದವು. ಗಿಡದ ಕೆಳಗೆ ಮಿಲ್ಲಿನ ಖಾಕಿ ಚಡ್ಡಿ ತೊಟ್ಟ ಶಿದ್ರಾಮ ಬಾಯಿಗೆ ಕೈ ಹಚ್ಚಿಕೊಂಡು ನಿಂತಿದ್ದ.

ಅವಳು ಅಲ್ಲೇ ಕೂತುಬಿಟ್ಟಳು.

"ಹೊಳ್ಳಿ ಬಾ ಮಗಳ" ಎಂದು ಹಿಂದಿನಿಂದ ದನಿ ಬಂತು. ಶೆಟ್ಟೆವ್ವ ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದಳು. "ಎಲ್ಲಿಗಿ ಓಡತಿ? ಅಂವ ಶಿದ್ರಾಮ ಅದಾನ."

ಮಾಯವ್ವ ನೆಲದ ಮೇಲೆ ಕೂತವಳು ತಿರುಗಿ ನೋಡಿದಳು. ಒಳಗೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಮುದುಕಿ ಹುಡುಕಿಕೊಂಡು ಬಂದು ಅವಳ ಪಕ್ಕ ಕೂತಳು.

"ಅತ್ತಿ... ನಿಮಗ ಯಾವಾಗ ತಿಳೀತ್ರಿ?"

"ಅಂವ ಕೂಗಿದ ಮೊದಲ್ನೇ ಸಂಜೀಗೇ ತಿಳೀತು. ನೀ ಊರಿಗಿ ಬಂದಾಗಿಂದ ನಂಗ ಬಗಿಹರದಿದ್ದಿಲ್ಲ. ಬಾಯ್ತುಂಬ ಗಂಡನ ಸುದ್ದಿ ಆಡಾಕಿ, ಒಂದ ಮಾತೂ ಆಡವಲ್ಲಿ. ಬಳಿ ಸಪ್ಪಳ ಮಾತ್ರ ಬೇಕಂತ ಮಾಡತಿ. ಅದಕ್ಕ ಅವತ್ತ ಒರೆ ಹಚ್ಚಿ ನೋಡಿದೆ." ಶೆಟ್ಟೆವ್ವ ಹಳ್ಳದ ಕಡೆ ಮುಖ ತಿರುಗಿಸಿದಳು. "ಊರಾಗಿನವರು ಏನಂತಾರ? ಅಂವ ನಡುವ ಉಸರ ತಗೋತಾನ ಅಂತಾರ. ಎಲ್ಲೀ ಉಸರು? ಸಣ್ಣಾಂವ ಇದ್ದಾಗ ಅವನ್ನ ಒಬ್ಬನ್ನ ಕುರಿ ಜೋಡಿ ಕಳಿಸಿದ್ನಿ. ಕತ್ತಲಾತು, ತೋಳ ಬಂದೀತಂತ ಅಂಜಿದ. ಕೂಗಾಕ ಹೋದಾಂವಗ ನಡುವನ ದನಿ ಹಿಡೀತು. ನಾ ಮನ್ಯಾಗಿಂದ ಓ ಅಂದೆ. ಅವ್ವ ಅದಾಳಂತ ಧೈರ್ಯ ಬಂತು, ಉಳಿದದ್ದು ಕೂಗಿದ. ಅವತ್ತಿಂದ ನನ್ನ ಓ ಕೇಳೂತನಕಾ ಅಂವ ಮುಂದಿನದು ತಗೀತಿದ್ದಿಲ್ಲ. ಮೀಸಿ ಬಂದ್ವು, ಲಗ್ನ ಆತು, ಆದ್ರೂ ಕಾಯ್ತಿದ್ದ. ನಾ ತಡಾ ಮಾಡಿದ್ರ ತಡಾ ಆಗತಿತ್ತು. ಪರಊರಿಗಿ ಹ್ವಾದ್ರ ಈ ಕೂಗನ್ನ ತಗೀತಿದ್ದಿಲ್ಲ, ಬರೇ ಸೀಟಿ ಹೊಡೀತಿದ್ದ. ಇದು ನಮ್ಮಿಬ್ಬರಿಗಿ ಅಷ್ಟ ಗೊತ್ತು. ಅವತ್ತ ಸಂಜೀಗಿ ನಾ ಬೇಕಂತ ಬಾಯಿ ಮುಚ್ಚಿಕೊಂಡ ಕುಂತೆ. ನನ್ನ ಬೀರಾ ಆಗಿದ್ರ ಬೆಳಕ ಹರಿಯೂತನಕಾ ನಿಂದ್ರತಿದ್ದ. ಶಿದ್ರಾಮ ಕಾಯಲಿಲ್ಲ. ಪಾಪ, ಅವಗೇನ ಗೊತ್ತು, ಎಣಿಸಿಕೊಂಡು ನಿಂತು ಎಣಿಸಿಕೊಂಡು ಕೂಗಿದ."

"ಮತ್ತ ಯಾಕ ಸುಮ್ಕಿದ್ರಿ ಇಷ್ಟು ದಿವಸ?"

"ತಿಳೀತು ಅಂದಿದ್ರ ಅವತ್ತ ನಿನ್ನ ಬಳಿ ಹೋಗತಿದ್ದೂ. ನಿನ್ನ ವಯಸ್ಸೇನ ಮಗಳ? ನನ್ನ ಕಣ್ಣಿನ ಸಲುವಾಗಿ ನೀವು ಸುಳ್ಳ ಹೇಳಾಕತ್ತಿದ್ರಿ. ಇರಲಿ, ಈ ಹುಡುಗಿ ಕೈ ಸಲುವಾಗಿ ನಾ ಸುಳ್ಳ ಕೇಳತೀನಿ ಅಂತ ಕುಂತೆ. ಪಂಚಮಿಗಿ ಬಳಿ ಇಡಿಸಿದ್ದೂ ಅದಕ್ಕ. ಇನ್ನಷ್ಟು ದಿವಸ ಇಟ್ಕೊಳ್ಳಲಿ ಅಂತ."

ಮಾಯವ್ವನೊಳಗೆ ಇಷ್ಟು ದಿನ ಕಟ್ಟಿಟ್ಟದ್ದು ಆಗ ಒಡೆಯಿತು. ಮೊದಲು ಹೊರಬಂದದ್ದು ಅಳುವಲ್ಲ, ಸಿಟ್ಟು. "ನಾ ಬಳಿ ಬೇಡಿದ್ನೇನ್ರಿ ಅತ್ತಿ? ಬಳಿ ಯಾರಿಗಿ ಬೇಕಾಗಿದ್ದೂ? ನನಗ ಅಳಬೇಕಾಗಿತ್ತು! ನಿಮ್ಮ ಕೊಳ್ಳ ಹಿಡಕೊಂಡು ಅಳಬೇಕಂತ ಅಲ್ಲಿಂದ ಇಲ್ಲೀತನಕಾ ನಡಕೋತ ಬಂದೆ. ಬಂದ್ರ ನೀವು ಅಳಬಾರದು, ನಾನೂ ಅಳಬಾರದು. ಗಂಡನ್ನ ಮಣ್ಣಾಗಿಟ್ಟು ದಿನಾ ಅವಗ ರೊಟ್ಟಿ ಒಯ್ದೆನಲ್ರಿ! ಯಾರ ಮುಂದ ಹೇಳಲಿ ಇದನ್ನ?" ಎಂದು ತನ್ನ ಎದೆಯನ್ನು ಎರಡೂ ಕೈಯಲ್ಲಿ ಬಡಿದುಕೊಂಡಳು. ಬಳೆಗಳು ಒಂದಕ್ಕೊಂದು ತಾಗಿ ಒಡೆದು ಅಂಗಳದ ತುಂಬ ಬಿದ್ದವು. ಹೆಚ್ಚಾತು ಎಂದು ಈ ಸಲ ಯಾರೂ ಹೇಳಲಿಲ್ಲ.

ಶೆಟ್ಟೆವ್ವ ಅವಳ ಕೈ ಹಿಡಿದಳು. ಗಾಜು ಚುಚ್ಚಿ ರಕ್ತ ಬಂದಿದ್ದು ಮುದುಕಿಯ ಬೆರಳಿಗೆ ಹತ್ತಿತು. "ತಪ್ಪಾತು ನನ್ನವ್ವಾ, ತಪ್ಪಾತು. ನಿನಗ ಚಲೋ ಮಾಡಾಕ ಹೋಗಿ ನಿನ್ನ ಅಳೂನ ಕಸಗೊಂಡೆ" ಎಂದು ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಈಗ ಹೇಳು. ಹ್ಯಾಂಗ ಹ್ವಾದ? ನನ್ನ ಮಗಾ ಹ್ಯಾಂಗ ಹ್ವಾದ ನನಗ ಹೇಳು."

ಮಾಯವ್ವ ಮಡಿಲಲ್ಲಿ ಮುಖವಿಟ್ಟೇ ಹೇಳಿದಳು. ಜ್ವರ ಬಂದದ್ದು, ಕಷಾಯ ಕುಡಿಯದೆ ಹೊರಗೆ ಹಾಕಿದ್ದು, ಅವ್ವನ ಕಣ್ಣು ಏನಾಯಿತೋ ಎಂದು ಕೇಳುತ್ತಿದ್ದದ್ದು. "ಕಡೀ ದಿವಸ ಸಂಜೀಕ ಎಬ್ಬಿಸಿ ಕೂಡ್ರಸು ಅಂದ್ರು. ಕೂಡ್ರಿಸಿದೆ. ಕುರಿ ಎಲ್ಲಾ ಮಲಗಿದ್ವು. ಒಮ್ಮಿ ಕೂಗಿದ್ರು ಅತ್ತಿ. ಕೂಗು ಏನ ಅದು, ಬರೇ ಉಸರು, ಬಾಜೂಕ ಇದ್ದ ನನಗ ಅಷ್ಟ ಕೇಳಿಸ್ತು. ಆದ್ರ ಕುರಿ ಒಂದೂ ಬಿಡದ ಎಲ್ಲಾ ಎದ್ದ ನಿಂತ್ವು."

"ಹ್ಯಾಂಗ ಕೂಗಿದ?"

ಮಾಯವ್ವ ಕೂಗಿ ತೋರಿಸಲು ಬಾಯಿ ತೆರೆದಳು. ದನಿ ಬರಲಿಲ್ಲ. "ಹ್ಯಾಂಗಂತ ಹೇಳಲ್ರಿ ಅತ್ತಿ... ಅವರು ಕೂಗೂ ಹಾಂಗ ಕೂಗಿದ್ರು" ಎಂದಳು. "ಆದ್ರ ಪೂರಾ ಕೂಗಲಿಲ್ಲ. ನಡುವ ನಿಂತಬಿಡ್ತು. ಶಕ್ತಿ ಮುಗೀತಂತ ನಾವು ತಿಳದ್ವಿ. ಉದ್ದಪ್ಪಣ್ಣ ನೀರ ತಂದ. ನೀರ ಕುಡೀಲಿಲ್ಲ. ಬಾಯಿ ಹಾಂಗ ತಕ್ಕೊಂಡು ನನ್ನ ಮಾರಿ ನೋಡಿದ್ರು, ಆಮ್ಯಾಲ ದಾರಿ ಕಡೆ ನೋಡಿದ್ರು. ಭಾಳ ಹೊತ್ತು ನೋಡಿದ್ರು. ಕುರಿನೂ ನಿಂತ ಇದ್ದೂ."

ಶೆಟ್ಟೆವ್ವನ ಕೈ ಸೊಸೆಯ ತಲೆಯ ಮೇಲೆ ಹಾಗೇ ನಿಂತುಬಿಟ್ಟಿತು. "ನಡುವ ನಿಲ್ಲಿಸಿದ್ನಾ?" ಎಂದಳು. "ಕಾದ್ನಾ?"

ಆಗ ಮಾಯವ್ವನಿಗೂ ತಿಳಿಯಿತು. ಅವಳು ತಲೆಯೆತ್ತಿದಳು.

"ನೀ ಏನ ಅಂದಿ ಮಗಳ?"

"ನಾ ಏನೂ ಅನ್ನಲಿಲ್ರಿ ಅತ್ತಿ. ನನಗ ಗೊತ್ತಿದ್ದಿಲ್ಲ. ಸುಮ್ಕ ಕುಂತಿದ್ನಿ."

ಶೆಟ್ಟೆವ್ವ ಕಣ್ಣಿನ ಪಟ್ಟಿಯನ್ನು ಜಗ್ಗಿ ತೆಗೆದಳು. ಮೊದಲು ಕಂಡದ್ದು ಸೊಸೆಯ ಮುಖ, ಅದೂ ಮಸುಕು ಮಸುಕಾಗಿ. "ಎಷ್ಟ ಸೊರಗೀಯ ನನ್ನವ್ವಾ" ಎಂದು ಅವಳ ಕೆನ್ನೆ ಮುಟ್ಟಿದಳು. ಆಗಲೇ ಕಣ್ಣು ತುಂಬಿ ಅದೂ ಕಾಣದಾಯಿತು. ಸೊಸೆಯ ಹೆಗಲು ಹಿಡಿದು ಎದ್ದು ನಿಂತಳು. ಹಳ್ಳದಾಚೆ ಶಿದ್ರಾಮ ಕೂಗಲು ಹೋದವನು ಕೈ ಕೆಳಗಿಳಿಸಿ ನಿಂತಿದ್ದ, ಸಾವಂತ್ರೆವ್ವ ತನ್ನ ಬಾಗಿಲಿಗೆ ಬಂದಿದ್ದಳು. ಮುದುಕಿ ಅವರಾರ ಕಡೆಗೂ ನೋಡಲಿಲ್ಲ. ಹುಕ್ಕೇರಿಯ ದಾರಿ ಹೋಗುವ ಪಡುವಣ ದಿಕ್ಕಿಗೆ ಮುಖ ಮಾಡಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿಕೊಂಡು, ಹಳ್ಳ ದಾಟಿ ಹೋಗುವಂತೆ, "ಓ..." ಎಂದಳು.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮಾಯವ್ವನ ಕೊರಳು ಹಿಡಿದರು. ಅವಳು ಆಗ ಹಾಡಿಕೊಂಡು ಅತ್ತಳು. ಶೆಟ್ಟೆವ್ವ ಮಾತ್ರ ಅವರ ಕಡೆ ಬರಲಿಲ್ಲ. ಕಣ್ಣೀರು ಸುರಿಯುತ್ತಿದ್ದಂತೆ, ಕೂಗಿನ ಉಳಿದರ್ಧ ಬರುತ್ತದೆ ಎಂದು ಕಿವಿಗೊಟ್ಟು ಅಂಗಳದ ತುದಿಯಲ್ಲೇ ಕಾಯುತ್ತ ನಿಂತಿದ್ದಳು.